ರೈಲ್ವೆ ಅಪ್ಪ ಮಗಳಿಗೆ ಕೊಟ್ಟ ಶಿಕ್ಷಾ

ಬೇಸಿಗೆ ಬಂದರೆ ನಮ್ಮೂರಿನ ಮಾಳಿಗೆಗಳ ಮೇಲೆ ಶ್ಯಾವಿಗೆ, ಸಂಡಿಗೆ, ಕೆಂಪು ಮೆಣಸಿನಕಾಯಿ ಬಿಟ್ಟರೆ ಬೇರೇನೂ ಕಾಣದಿದ್ದ ಕಾಲ ಅದು. ಎಂಬತ್ತರ ದಶಕ ಅರ್ಧ ದಾಟಿದ ಮೇಲೆ ಒಂದು ವರ್ಷ ಅವುಗಳ ನಡುವೆ ಆಂಟೆನಾ ಎದ್ದು ನಿಂತಿತು. ಆಳಂದದಿಂದ ಹಿರೋಳ್ಳಿಯ ಕಡೆ ಹೋಗುವ ರಸ್ತೆಯಲ್ಲಿ, ಕೈ ಮಾಡಿದರೆ ಮಾತ್ರ ಬಸ್ಸು ನಿಲ್ಲುವ ಸಣ್ಣ ಊರು ನಮ್ಮದು. ಆ ಊರಿನ ಮೊದಲ ಆಂಟೆನಾ ನಮ್ಮ ಮನೆಯದು ಎಂಬ ಜಂಬ ನನಗೆ ಆಗ ಇತ್ತು. ಸುಳ್ಳು ಯಾಕೆ ಹೇಳಲಿ, ಈಗಲೂ ಸ್ವಲ್ಪ ಉಳಿದಿದೆ.

ತೊಗರಿಗೆ ಒಳ್ಳೆಯ ಧಾರಣೆ ಬಂದ ವರ್ಷ ನಮ್ಮ ಮುತ್ತ್ಯಾ, ಅಂದರೆ ಅಪ್ಪನ ಅಪ್ಪ, ಯಾರನ್ನೂ ಕೇಳದೆ ಗುಲ್ಬರ್ಗಾಕ್ಕೆ ಹೋಗಿ ಟಿ.ವಿ. ತಂದ. ಕಪ್ಪು–ಬಿಳುಪಿನದು, ಎರಡೂ ಕಡೆಯಿಂದ ಎಳೆದು ಮುಚ್ಚುವ ಕಟ್ಟಿಗೆಯ ಬಾಗಿಲಿನದು. ಬಸ್ಸಿನ ಮೇಲೆ ಹಾಕಿದರೆ ಒಡೆದೀತೆಂದು ಅದಕ್ಕೂ ಒಂದು ಟಿಕೀಟು ತೆಗೆಸಿ, ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬಂದಿದ್ದ. ಪಡಸಾಲೆಯ ಮೇಜಿನ ಮೇಲಿಟ್ಟು, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಆಮೇಲೆಯೇ ಸ್ವಿಚ್ಚು ಒತ್ತಿದ. ಅದು ಬಂದ ರಟ್ಟಿನ ಖೋಕಾ ನಮ್ಮ ಪಾಲಾಯಿತು. ಅದರ ಒಂದು ಮಗ್ಗುಲು ಕೊಯ್ದು, ಒಳಗೆ ಕುಳಿತು, ಮುಖ ಮಾತ್ರ ಕಾಣುವ ಹಾಗೆ ಮಾಡಿಕೊಂಡು ವಾರ್ತೆ ಓದುವುದು ನಮ್ಮ ಆಟ. ಹುಡುಗರು ಖೋಕಾದೊಳಗೆ ಕೂತರೆ ಎರಡೇ ನಿಮಿಷಕ್ಕೆ ನಕ್ಕುಬಿಡುತ್ತಿದ್ದರು. ನಾನು ಕಣ್ಣು ಕದಲಿಸದೆ ಕಾಲು ಗಂಟೆ ಓದುತ್ತಿದ್ದೆ. ಎದುರಿಗೆ ಎಷ್ಟು ಜನ ಕೂತಿದ್ದರೂ ಧ್ವನಿ ನಡುಗಿಸಬಾರದು ಎಂಬುದು ನಾನು ಟಿ.ವಿ.ಯಿಂದ ಕಲಿತ ಮೊದಲ ಪಾಠ. ಇವತ್ತಿಗೂ ಅದರಿಂದಲೇ ಅನ್ನ ತಿನ್ನುತ್ತಿದ್ದೇನೆ.

ಭಾನುವಾರ ಮುಂಜಾನೆ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಎಣ್ಣೆ ಹಚ್ಚಿ ತಲೆಗೆರೆದುಕೊಂಡ ಮಕ್ಕಳು ಮುಂದೆ, ಹೆಂಗಸರು ಅಡುಗೆಮನೆಯ ಬಾಗಿಲ ಕಡೆ, ಗಂಡಸರು ಕಟ್ಟೆಯ ಕಡೆ. ಟಿ.ವಿ. ಕಾಯ್ದ ಮೇಲೆ ಅದರ ಬೆನ್ನಿನಿಂದ ಬರುತ್ತಿದ್ದ ಬಿಸಿ ಧೂಳಿನ ವಾಸನೆ, ಅವ್ವ ಹುರಿಯುತ್ತಿದ್ದ ಶೇಂಗಾದ ವಾಸನೆ, ನಮ್ಮ ತಲೆಗಳ ಕೊಬ್ಬರಿ ಎಣ್ಣೆಯ ವಾಸನೆ ಎಲ್ಲ ಕೂಡಿ ಭಾನುವಾರದ ವಾಸನೆ ಎಂಬುದೊಂದು ಇತ್ತು. ನಿಮ್ಮ ಮನೆಯಲ್ಲೂ ಇದ್ದಿರಬೇಕು. ವಾರ್ತೆ ಓದುವ ಗಂಡಸು ನೆಟ್ಟ ನೋಟದಿಂದ ನೋಡಿದೊಡನೆ ಅವ್ವ ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಆಂವ ನಮ್ಮನ್ನು ನೋಡುವುದಿಲ್ಲ ಎಂದು ನಾನು ಹೇಳಿದರೆ, ನೋಡುವುದಿಲ್ಲ ಎಂದು ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದಳು. ನನಗೂ ಗೊತ್ತಿರಲಿಲ್ಲ.

ಇಷ್ಟೆಲ್ಲ ಸಡಗರದಲ್ಲಿ ಒಂದೇ ಒಂದು ಕೊರತೆ. ಟಿ.ವಿ. ಹಿಂದಿಯಲ್ಲಿ ಮಾತಾಡುತ್ತಿತ್ತು, ನಮಗೆ ಹಿಂದಿ ಬರುತ್ತಿರಲಿಲ್ಲ. ಸಾಯಂಕಾಲದ ರೈತರ ಕಾರ್ಯಕ್ರಮ ಮಾತ್ರ ಕನ್ನಡದಲ್ಲಿ. ಅದರಲ್ಲಿ ತೊಗರಿಯ ನೆಟೆ ರೋಗಕ್ಕೆ ಮದ್ದು ಹೇಳುವ ಸಾಹೇಬರ ಜೊತೆ ಮುತ್ತ್ಯಾ ಕೂತಲ್ಲಿಂದಲೇ ಜಗಳಾಡುತ್ತಿದ್ದ. ಉಳಿದದ್ದಕ್ಕೆಲ್ಲ ನಮಗೆ ಖಾಲಾ ಬೇಕಿತ್ತು.

ಖಾಲಾ ಅಂದರೆ ಖೈರುನ್‌ಬಿ. ನಮ್ಮ ಹಿತ್ತಲಿಗೆ ಹತ್ತಿದ ಮನೆಯವಳು. ಗಂಡ ತೀರಿದ ಮೇಲೆ ಹೊಲಿಗೆ ಮಾಡಿ ಬದುಕುತ್ತಿದ್ದಳು. ಅವಳ ಮನೆಯಲ್ಲಿ ಬೆಳಕು ಸಾಲದೆಂದು ಅವಳ ಹೊಲಿಗೆಯ ಮಶೀನನ್ನು ಮುತ್ತ್ಯಾನೇ ನಮ್ಮ ಪಡಸಾಲೆಯ ಕಂಬದ ಬುಡದಲ್ಲಿ ಇಡಿಸಿದ್ದ. ಅವಳ ಚಹಾದ ಕಪ್ಪನ್ನು ಗೋಡೆಯ ಗೂಡಿನಲ್ಲಿ ಬೇರೆಯೇ ಇಡುತ್ತಿದ್ದರು. ಶರಣರ ಮಾತುಗಳನ್ನು ಬಾಯಿಪಾಠ ಹೇಳುವ ಮನೆಯಲ್ಲಿ ಅದು ಹೀಗಿತ್ತು ಎಂದು ಬರೆಯಲು ನನಗೆ ಈಗ ನಾಚಿಕೆ. ಆಗ ಆಗುತ್ತಿರಲಿಲ್ಲ. ಖಾಲಾನ ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ನಮ್ಮದೇ ಕನ್ನಡ. ಟಿ.ವಿ.ಯ ಹಿಂದಿ ಅವಳಿಗೆ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ಮಶೀನು ನಿಲ್ಲಿಸಿ, ಕೌದಿಯೋ ಕುಪ್ಪಸವೋ ಕೈಯಲ್ಲಿ ಹಿಡಿದು, ಸೂಜಿ ಆಡಿಸುತ್ತಲೇ ನಮಗೆ ಅರ್ಥ ಹೇಳುತ್ತಿದ್ದಳು. ಅವಳ ಬಾಯಲ್ಲಿ ದಿಲ್ಲಿಯ ಸಾಹೇಬರೂ ಕಳ್ಳರೂ ಅತ್ತೆ–ಸೊಸೆಯರೂ ಆಳಂದ ತಾಲೂಕಿನವರಾಗುತ್ತಿದ್ದರು. ಪಿಸ್ತೂಲು ಹಿಡಿದವನು ಸಹ, ಕೈ ಮ್ಯಾಲೆತ್ರಿ, ರೊಕ್ಕ ಎಲ್ಲಿಟ್ಟೀರಿ ಎಂದು ರೀ ಹಚ್ಚಿಯೇ ಕೇಳುತ್ತಿದ್ದ. ಕೆಟ್ಟವರು ಮರ್ಯಾದೆ ಬಿಟ್ಟು ಮಾತಾಡುತ್ತಾರೆ ಎಂಬ ತಿಳಿವಳಿಕೆ ನನಗೆ ಬಹಳ ತಡವಾಗಿ ಬಂತು.

ಆದರೆ ಖಾಲಾನ ಹಿಂದಿಗೆ ಒಂದು ಗಡಿ ಇತ್ತು. ವಾರ್ತೆಯ ಹಿಂದಿ, ದೊಡ್ಡ ದೊಡ್ಡ ಸಂಸ್ಕೃತದ ಮಾತುಗಳು ಬಂದವೆಂದರೆ ಅವಳ ಸೂಜಿ ನಿಲ್ಲುತ್ತಿತ್ತು. ಆಗ ಅವಳು ಮುತ್ತ್ಯಾನ ಕಡೆ ನೋಡುತ್ತಿದ್ದಳು. ಮುತ್ತ್ಯಾ ಪುರಾಣ ಓದಿದವನು. ಸಂಸ್ಕೃತದ ಮಾತು ಅವನ ಪಾಲು, ಆಡುಮಾತು ಖಾಲಾನ ಪಾಲು. ಇಬ್ಬರೂ ಕೂಡಿ ಒಂದು ಧಾರಾವಾಹಿಯನ್ನು ಪೂರ್ತಿ ಕನ್ನಡಕ್ಕೆ ಇಳಿಸುತ್ತಿದ್ದರು. ಒಮ್ಮೆ ಕೋಟು, ಟೈ ಹಾಕಿದವನೊಬ್ಬ ಕಚೇರಿಯಲ್ಲಿ ಕೂತು ತನ್ನ ಕಸುಬು ವ್ಯವಸಾಯ ಎಂದ. ವ್ಯವಸಾಯ ಅಂದರೆ ಒಕ್ಕಲುತನ ಎಂದು ಮುತ್ತ್ಯಾ ಅರ್ಥ ಹೇಳಿದ. ಉತ್ತರದ ಕಡೆ ಒಕ್ಕಲಿಗರು ಟೈ ಕಟ್ಟಿಕೊಂಡು ಇರುತ್ತಾರೆಂದು ಊರೆಲ್ಲ ಒಂದು ವಾರ ಆಶ್ಚರ್ಯಪಟ್ಟಿತು. ಹಿಂದಿಯಲ್ಲಿ ಆ ಮಾತಿಗೆ ವ್ಯಾಪಾರ, ಉದ್ಯೋಗ ಎಂಬ ಅರ್ಥ ಇದೆಯೆಂದು ಹೇಳುವವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ನಮ್ಮ ಶಾಲೆ ಏಳನೆಯ ತರಗತಿಗೆ ಮುಗಿಯುತ್ತಿತ್ತು. ಹಿಂದಿ ಶುರುವಾಗುತ್ತಿದ್ದದ್ದು ಆಳಂದದ ಹೈಸ್ಕೂಲಿನಲ್ಲಿ.

ಆ ವರ್ಷ ನಾನು ಏಳು ಮುಗಿಸಿದ್ದೆ. ಮಾರ್ಕ್ಸು ಚೆನ್ನಾಗಿ ಬಂದಿದ್ದವು. ನಮ್ಮೂರಿನಿಂದ ಹುಡುಗರು ಆಳಂದಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು, ಹುಡುಗಿಯರು ಯಾರೂ ಹೋಗಿರಲಿಲ್ಲ. ನಾನು ಹೋಗುತ್ತೇನೋ ಇಲ್ಲವೋ ಎಂಬುದು ಮುತ್ತ್ಯಾ ಹೇಳಬೇಕಾದ ಮಾತು. ಅಪ್ಪ ಮುತ್ತ್ಯಾನ ಎದುರು ಬಾಯಿ ಬಿಟ್ಟವನಲ್ಲ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟ ಅವ್ವ ಮಾತ್ರ ರೊಟ್ಟಿ ಬಡಿಯುತ್ತ, ಪಾತ್ರೆ ತಿಕ್ಕುತ್ತ, ಮುತ್ತ್ಯಾನಿಗೆ ಕೇಳುವ ಹಾಗೆ ನನ್ನ ಮಾರ್ಕ್ಸನ್ನು ಹೇಳಿಕೊಳ್ಳುತ್ತಿದ್ದಳು. ಮುತ್ತ್ಯಾ ನೋಡೋಣ ಎಂದಿದ್ದ. ಅವನ ನೋಡೋಣದಲ್ಲಿ ಮುಕ್ಕಾಲು ಹೂಂ ಇದೆ ಎಂದು ಅವ್ವನಿಗೆ ಗೊತ್ತಿತ್ತು. ಅದಕ್ಕೇ ಖಾಲಾನ ಕೈಯಲ್ಲಿ ಹೈಸ್ಕೂಲಿನ ನೀಲಿ ಲಂಗದ ಬಟ್ಟೆ ಕೊಟ್ಟು ಅಳತೆ ತೆಗೆಸಿಬಿಟ್ಟಿದ್ದಳು. ನನಗೆ ಆಳಂದ ಬೇಕೇ ಬೇಕಿತ್ತು. ಆಳಂದ ಅಂದರೆ ನನಗೆ ಓದು, ಬಸ್ಸು, ಬಸ್‌ಸ್ಟ್ಯಾಂಡಿನ ಭಜಿ, ಮತ್ತು ಹಿಂದಿ. ಟಿ.ವಿ. ಏನು ಹೇಳುತ್ತದೆ ಎಂದು ಯಾರನ್ನೂ ಕೇಳದೆ ತಿಳಿಯಬೇಕೆಂಬ ಹಟ ನನ್ನದಾಗಿತ್ತು.

ಆ ಬೇಸಿಗೆಯಲ್ಲಿ ಭಾನುವಾರ ಒಂದು ಧಾರಾವಾಹಿ ಬರುತ್ತಿತ್ತು. ಅದರ ಹೆಸರು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುವುದಿಲ್ಲ, ನಾವು ಅದನ್ನು ‘ರೈಲ್ವೆ ಅಪ್ಪ’ ಎನ್ನುತ್ತಿದ್ದೆವು. ಯಾವುದೋ ಊರಿನ ರೈಲ್ವೆ ಸ್ಟೇಶನ್ನಿನಲ್ಲಿ ಕಾರಕೂನ, ಮೂವರು ಹೆಣ್ಣುಮಕ್ಕಳು, ಮೆಲುದನಿಯ ಹೆಂಡತಿ. ಅವರ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಊಟಕ್ಕೆ ಕೂಡುತ್ತಿದ್ದರು, ತಾಯಿಯೂ. ಅದನ್ನು ಮೂರು ವಾರ ನೋಡಿದ ಅವ್ವ ನಾಲ್ಕನೆಯ ವಾರ ನಮ್ಮ ತಾಟುಗಳ ಸಾಲಿನಲ್ಲಿ ತನ್ನದೂ ಒಂದು ಇಟ್ಟುಕೊಂಡು ಕೂತುಬಿಟ್ಟಳು. ಮುತ್ತ್ಯಾ ಒಮ್ಮೆ ನೋಡಿ, ಶೇಂಗಾ ಹಿಂಡಿಯ ಚಟ್ನಿಪುಡಿ ಡಬ್ಬಿ ಅವಳ ಕಡೆ ಸರಿಸಿದ. ಟಿ.ವಿ.ಯಿಂದ ಏನು ಕಲಿತಿರಿ ಎಂದು ಕೇಳುವವರಿಗೆ ನಾನು ಇದನ್ನು ಹೇಳುತ್ತೇನೆ.

ಮುತ್ತ್ಯಾನಿಗೆ ಆ ರೈಲ್ವೆ ಅಪ್ಪನ ಮೇಲೆ ಬಹಳ ಅಭಿಮಾನ. ಕೂಗಾಡುವವನಲ್ಲ, ಕುಡಿಯುವವನಲ್ಲ, ಯೋಚಿಸಿ ಒಂದು ಮಾತು ಆಡುವವನು. ಮುತ್ತ್ಯಾ ತನ್ನ ಸಮಾನರು ಎಂದು ಒಪ್ಪಿಕೊಂಡ ಗಂಡಸರು ಊರಲ್ಲಿ ಇಬ್ಬರೋ ಮೂವರೋ ಇದ್ದರು, ಟಿ.ವಿ.ಯಲ್ಲಿ ಇವನೊಬ್ಬನೇ.

ಮೇ ತಿಂಗಳಲ್ಲಿ ಖಾಲಾ ಜೇವರ್ಗಿಗೆ ಹೋದಳು. ಅಲ್ಲಿರುವ ತಂಗಿಯ ಬಾಣಂತನ. ನನ್ನ ಲಂಗ ಕತ್ತರಿಸಿಟ್ಟಿದ್ದಳು, ಹೊಲಿದಿರಲಿಲ್ಲ. ಮೂರು ವಾರ ಬರುವುದಿಲ್ಲ, ರೈಲ್ವೆ ಅಪ್ಪ ಏನೇನು ಮಾಡಿದ ಎಂದು ನೆನಪಿಟ್ಟು ಹೇಳು ಎಂದು ನನಗೆ ಕೆಲಸ ಹಚ್ಚಿ ಬಸ್ಸು ಹತ್ತಿದಳು.

ಅವಳು ಹೋದ ನಂತರದ ಭಾನುವಾರ ಮುತ್ತ್ಯಾ ಒಬ್ಬನೇ ಅರ್ಥ ಹೇಳಲು ಕೂತ. ಆ ದಿನದ ಕತೆ ಹೀಗೆ. ಹಿರಿಯ ಮಗಳಿಗೆ ಪೋಸ್ಟಿನಲ್ಲಿ ಒಂದು ಚೀಟಿ ಬರುತ್ತದೆ. ಅವಳು ಅದನ್ನು ಓದಿ, ಪುಸ್ತಕದೊಳಗೆ ಬಚ್ಚಿಡುತ್ತಾಳೆ. ತಾಯಿಯ ಕೈಗೆ ಸಿಗುತ್ತದೆ. ತಾಯಿ ಅಳುತ್ತಾಳೆ, ಮಗಳೂ ತಲೆ ತಗ್ಗಿಸಿ ಅಳುತ್ತಾಳೆ. ಅಪ್ಪ ಕೆಲಸದಿಂದ ಬಂದು, ಚೀಟಿ ಓದಿ, ಬಹಳ ಹೊತ್ತು ಕಿಟಕಿಯ ಹತ್ತಿರ ನಿಲ್ಲುತ್ತಾನೆ. ಪಡಸಾಲೆಯಲ್ಲಿ ಶೇಂಗಾ ಸಿಪ್ಪೆ ಒಡೆಯುವ ಸದ್ದು ಸಹ ನಿಂತಿತ್ತು. ಆಮೇಲೆ ಅವನು ತಿರುಗಿ, ಒಂದೊಂದೇ ಮಾತು ತೂಗಿ ಆಡಿದ. ಬೇಟಿ ಕೋ ಶಿಕ್ಷಾ ದೂಂಗಾ. ಉಚ್ಚ ಶಿಕ್ಷಾ.

ಇದಕ್ಕೆ ಖಾಲಾ ಬೇಕಿರಲಿಲ್ಲ. ನಮ್ಮೆಲ್ಲರಿಗೂ ಅರ್ಥವಾಯಿತು. ಮಗಳಿಗೆ ಶಿಕ್ಷೆ ಕೊಡುತ್ತಾನಂತೆ, ಸಾದಾ ಶಿಕ್ಷೆ ಅಲ್ಲ, ಎಲ್ಲಕ್ಕಿಂತ ದೊಡ್ಡ ಶಿಕ್ಷೆ. ಮುತ್ತ್ಯಾ ಅದನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. ಕಟ್ಟೆಯ ಮೇಲಿನ ಗಂಡಸರು ತಲೆದೂಗಿದರು. ಮುಂದಿನ ದೃಶ್ಯದಲ್ಲಿ ಆ ಹುಡುಗಿಯನ್ನು ಟ್ರಂಕಿನ ಸಮೇತ ರೈಲಿಗೆ ಹತ್ತಿಸಿದರು. ಅಂದರೆ ಮನೆಯಿಂದ ಹೊರಗೆ ಹಾಕಿದರು. ಎಲ್ಲ ಸರಿಯಾಗಿ ಕೂಡುತ್ತಿತ್ತು. ಒಂದು ಮಾತ್ರ ಕೂಡಲಿಲ್ಲ. ರೈಲು ಹೊರಡುವಾಗ ಅಪ್ಪ ತನ್ನ ಕೈಗಡಿಯಾರ ಬಿಚ್ಚಿ ಮಗಳ ಕೈಗೆ ಕಟ್ಟಿದ. ನಾನು ಅದನ್ನು ನೋಡಿದೆ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು, ಗಂಡಸರು ಚೀಟಿ ಬರೆದ ಹುಡುಗ ಯಾರು ಎಂಬ ವಾದಕ್ಕೆ ಬಿದ್ದಿದ್ದರು. ಬೇರೆ ಯಾರೂ ನೋಡಿದಂತೆ ಕಾಣಲಿಲ್ಲ.

ಮುತ್ತ್ಯಾ ಟಿ.ವಿ.ಯ ಬಾಗಿಲು ಎಳೆದು ಮುಚ್ಚಿ, ಊಟಕ್ಕೆ ಕೂತಾಗ ನನ್ನ ಕಡೆ ನೋಡುತ್ತ ಅವ್ವನಿಗೆ ಹೇಳಿದ.

“ನೀಲಾಗ ಆಳಂದ ಬ್ಯಾಡ. ಆ ಹುಡುಗಿನೂ ಸಾಲಿಗೇ ಹೋಗ್ತಿತ್ತು, ಚೀಟಿ ಬಂತು. ಅಂಥಾ ಸಮಾಧಾನದ ಮನಿಷ್ಯಾಗ ಸೈತ ಉಚ್ಚ ಶಿಕ್ಷಾ ಕೊಡೂ ಪಾಳಿ ಬಂತು. ನನ್ನ ಮೊಮ್ಮಗಳಿಗಿ ಶಿಕ್ಷಾ ಕೊಡೂದು ನನ್ನ ಕೈಲೆ ಆಗಂಗಿಲ್ಲವ್ವ.”

ಹೇಳುವಾಗ ಅವನ ಕಣ್ಣು ತುಂಬಿದ್ದವು. ನನಗೆ ಸಿಟ್ಟು ಬರಬೇಕಿತ್ತು. ಆದರೆ ಅವನು ನನ್ನ ಮೇಲಿನ ಪ್ರೀತಿಯಿಂದಲೇ ನನ್ನ ಓದು ನಿಲ್ಲಿಸುತ್ತಿದ್ದ. ಸಿಟ್ಟಿಗೆ ಹಿಡಿಯಲು ಎಲ್ಲೂ ಜಾಗ ಸಿಗಲಿಲ್ಲ. ಅವ್ವ ತನ್ನ ತಾಟಿನಲ್ಲಿ ರೊಟ್ಟಿ ಹಾಗೇ ಬಿಟ್ಟು ಎದ್ದಳು. ಮಧ್ಯಾಹ್ನ ನೀಲಿ ಬಟ್ಟೆಯ ತುಂಡುಗಳನ್ನು ಮಡಚಿ ಟ್ರಂಕಿನಲ್ಲಿಟ್ಟಳು. ನಾನು ಮಾಳಿಗೆಯ ಮೇಲೆ ಸಂಡಿಗೆ ಕಾಯುವ ನೆವ ಮಾಡಿಕೊಂಡು, ಕಾಗೆಗಳನ್ನು ಓಡಿಸದೆ, ಹೊಟ್ಟೆ ತುಂಬ ಅತ್ತೆ. ಮುತ್ತ್ಯಾ ಒಮ್ಮೆ ಆಡಿದ ಮಾತನ್ನು ತಿರುಗಿಸಿದ್ದನ್ನು ಅಪ್ಪನೂ ಕಂಡಿರಲಿಲ್ಲ.

ಖಾಲಾ ಬಂದದ್ದು ಶಾಲೆ ಶುರುವಾಗಲು ಹತ್ತು ದಿನ ಇದ್ದಾಗ, ಒಂದು ಗುರುವಾರ. ಗಂಟು ಕೆಳಗಿಡುವ ಮೊದಲೇ ಲಂಗದ ಬಟ್ಟೆ ಎಲ್ಲಿ ಎಂದಳು. ಲಂಗ ಬೇಡವಂತೆ ಎಂದೆ. ಯಾಕೆ ಎಂದು ಕೇಳಿದಳು. ನಾನು ಚೀಟಿಯಿಂದ ಹಿಡಿದು ಗಡಿಯಾರದವರೆಗೆ ಪೂರ್ತಿ ಕತೆಯನ್ನು, ರೈಲ್ವೆ ಅಪ್ಪನ ಮಾತನ್ನು ಅವನ ಧ್ವನಿಯಲ್ಲೇ, ಒಪ್ಪಿಸಿದೆ. ಖಾಲಾ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಜೇವರ್ಗಿಯಿಂದ ತಂದ ಖಾರಾ ಬೂಂದಿ ಕೈಗಿಟ್ಟು, ಭಾನುವಾರ ತನ್ನ ಪಕ್ಕದಲ್ಲೇ ಕೂರು ಎಂದಳು.

ಭಾನುವಾರ ಪಡಸಾಲೆ ಎಂದಿನಂತೆ ತುಂಬಿತ್ತು. ಆ ವಾರದ ಕತೆಯಲ್ಲಿ ಹಿರಿಯ ಮಗಳಿಂದ ಕಾಗದ ಬಂತು. ರೈಲ್ವೆ ಅಪ್ಪ ಅದನ್ನು ಓದಿ ನಕ್ಕ, ಸ್ಟೇಶನ್ನಿನ ಜನಕ್ಕೆಲ್ಲ ಪೇಢೆ ಹಂಚಿದ. ಮುತ್ತ್ಯಾ ಕಸಿವಿಸಿಗೊಂಡ. ಮಗಳಿಗೆ ಅಷ್ಟು ದೊಡ್ಡ ಶಿಕ್ಷೆ ಕೊಟ್ಟು ಈಗ ಪೇಢೆ ಹಂಚುತ್ತಾನಲ್ಲ, ಇವನೆಂಥ ಅಪ್ಪ ಎಂದ. ಆಗ ಖಾಲಾ ಸೂಜಿಯನ್ನು ಬಟ್ಟೆಗೆ ಚುಚ್ಚಿ, ಬಟ್ಟೆಯನ್ನು ಮಶೀನಿನ ಮೇಲಿಟ್ಟಳು. ಕೈಯಲ್ಲಿ ಹೊಲಿಗೆ ಇಲ್ಲದೆ ಅವಳು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಗೌಡ್ರೆ, ಸಿಟ್ಟಾಗಬ್ಯಾಡ್ರಿ. ಶಿಕ್ಷಾ ಅಂದ್ರ ಅವರ ಕಡಿ ಓದು ಕಲಸೂದು. ಉಚ್ಚ ಶಿಕ್ಷಾ ಅಂದ್ರ ದೊಡ್ಡ ಸಾಲಿ. ಆ ಚೀಟಿ ಸಾಲಿಂದೇ ಬಂದಿರಬೇಕು, ಆಂವ ಮಗಳಿಗಿ ಓದ್ಲಾಕ ಕಳಸ್ಯಾನ್ರಿ.”

ಗಂಡಸರಲ್ಲಿ ಒಬ್ಬನು ಕೆಮ್ಮಿದ. ಆ ಪಡಸಾಲೆಯಲ್ಲಿ ಮುತ್ತ್ಯಾನ ಮಾತು ತಪ್ಪು ಎಂದು ಹೇಳಿದವರು ಅಲ್ಲಿಯತನಕ ಇರಲಿಲ್ಲ. ಖಾಲಾನ ಮಶೀನು ನಿಂತದ್ದು ಅವನ ಕಂಬದ ಬುಡದಲ್ಲಿ, ಅವಳಿಗೆ ಬರುತ್ತಿದ್ದ ಹೊಲಿಗೆಯ ಅರ್ಧ ನಮ್ಮ ಬಳಗದ್ದು. ಮುತ್ತ್ಯಾ ಟಿ.ವಿ.ಯಿಂದ ಕಣ್ಣು ತೆಗೆಯದೆ, ಅವತ್ತು ನೀನು ಇರಲಿಲ್ಲ ಎಂದ. ಇರಲಿಲ್ಲ, ನೀಲೂ ಹೇಳಿದಳು ಎಂದಳು ಖಾಲಾ. ಎಲ್ಲರೂ ನನ್ನ ಕಡೆ ತಿರುಗಿದರು. ಶಿಕ್ಷಾ ಎಂಬುದು ಸಂಸ್ಕೃತದ ಮಾತು, ಅದು ನಿನಗೆ ತಿಳಿಯುವ ಮಾತಲ್ಲ ಎಂದು ಮುತ್ತ್ಯಾ ಮತ್ತೆ ಹೇಳಿದ. ಅವನ ಧ್ವನಿ ಏರಿರಲಿಲ್ಲ. ಏರದಿದ್ದರೇ ನಮಗೆ ಭಯ ಹೆಚ್ಚು.

“ಹೌದ್ರಿ, ನನ್ನ ಮಾತಲ್ಲ. ಆದ್ರ ಸಜಾ ನನ್ನ ಮಾತು. ನಿಮ್ಮ ಕೋರ್ಟ್‌ನಾಗೂ ಸಜಾ ಆತು ಅಂತಾರ. ಸಜಾ ಕೊಡಾಂವ ಸಜಾ ಅಂತಿದ್ದ. ಆಂವ ಆ ಮಾತು ಅಂದಾನೇನ್ರಿ?”

ಮುತ್ತ್ಯಾ ನನ್ನನ್ನು ಹತ್ತಿರ ಕರೆದು, ಅವತ್ತು ಆ ಮನುಷ್ಯ ಮಗಳನ್ನು ರೈಲು ಹತ್ತಿಸುವಾಗ ಏನು ಮಾಡಿದ ಎಂದು ಕೇಳಿದ. ಖೋಕಾದೊಳಗೆ ಕೂತು ಕಲಿತದ್ದು ಕೈ ಬಿಡಲಿಲ್ಲ. ಇಡೀ ಪಡಸಾಲೆಗೆ ಕೇಳುವ ಹಾಗೆ, ಗಡಿಯಾರ ಬಿಚ್ಚಿ ಮಗಳ ಕೈಗೆ ಕಟ್ಟಿದ ಎಂದೆ. ಆ ಮೇಲೆ ನನಗೇ ತಿಳಿಯದೆ ಇನ್ನೊಂದು ಮಾತು ಸೇರಿಸಿದೆ, ಅಳುತ್ತಿದ್ದರೂ ಅವನ ಮುಖ ಖುಷಿಯಲ್ಲಿತ್ತು ಎಂದೆ. ಮುತ್ತ್ಯಾ ಎದ್ದು, ಧಾರಾವಾಹಿ ಮುಗಿಯುವ ಮೊದಲೇ ಟಿ.ವಿ.ಯ ಬಾಗಿಲು ಎಳೆದು ಮುಚ್ಚಿ, ಹೊಲದ ಕಡೆ ನಡೆದುಬಿಟ್ಟ.

ಜನ ಒಬ್ಬೊಬ್ಬರೇ ಎದ್ದು ಹೋದರು. ಖಾಲಾ ದಾರದ ಉಂಡೆ, ಕತ್ತರಿ, ಟೇಪು ಎಲ್ಲ ಸೆರಗಿನಲ್ಲಿ ಕಟ್ಟಿಕೊಂಡಳು. ಮಶೀನು ಒಯ್ಯಲು ನಾಳೆ ಯಾರನ್ನಾದರೂ ಕಳಿಸುತ್ತೇನೆ ಎಂದು ಅವ್ವನಿಗೆ ಹೇಳಿದಳು. ಅವ್ವ ಅವಳ ಕೈ ಹಿಡಿದು ನಿಲ್ಲಿಸಲು ನೋಡಿದಳು, ಅವಳು ನಿಲ್ಲಲಿಲ್ಲ. ನನ್ನ ಓದು ಹೋಯಿತು, ನನ್ನಿಂದ ಖಾಲಾನ ಜಾಗವೂ ಹೋಯಿತು ಎಂದು ನಾನು ನಿರ್ಧರಿಸಿಬಿಟ್ಟೆ.

ಮರುದಿನ ಮುಂಜಾನೆ ಮುತ್ತ್ಯಾ ಇಸ್ತ್ರಿಯ ಧೋತರ ಉಟ್ಟು, ರುಮಾಲು ಸುತ್ತಿ, ತಲೆ ಬಾಚಿಕೋ ಎಂದ. ಎಲ್ಲಿಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬಸ್ಸಿಗೆ ಕೈ ಮಾಡಿದ, ಹತ್ತಿದೆವು. ಆಳಂದದವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಹೈಸ್ಕೂಲಿನ ಕಚೇರಿಯಲ್ಲಿ ಹೆಡ್‌ಮಾಸ್ತರರ ಮುಂದೆ ನನ್ನನ್ನು ನಿಲ್ಲಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟು, ಒಂದೊಂದೇ ಮಾತು ತೂಗಿ ಹೇಳಿದ.

“ನನ್ನ ಮೊಮ್ಮಗಳಿಗಿ ಶಿಕ್ಷಾ ಕೊಡಸಬೇಕಾಗ್ಯದ್ರಿ. ಉಚ್ಚ ಶಿಕ್ಷಾ.”

ಹೆಡ್‌ಮಾಸ್ತರರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಇಷ್ಟು ಸಣ್ಣ ಹುಡುಗಿ ಅಂಥ ತಪ್ಪೇನು ಮಾಡಿದ್ದಾಳೆ ಎಂದು ಕೇಳಿದರು. ಮುತ್ತ್ಯಾ ನಗಲು ಶುರು ಮಾಡಿದವನು ರುಮಾಲು ಜಾರುವವರೆಗೆ ನಕ್ಕ. ಮನೆಗೆ ಬಂದವನೇ ಹಿತ್ತಲ ಬಾಗಿಲಿಂದ ಹೋಗಿ ಖಾಲಾನ ಅಂಗಳದಲ್ಲಿ ನಿಂತ. ಅವನು ಅಲ್ಲಿಗೆ ಹೋದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ತಪ್ಪಾಯಿತು ಎಂಬ ಮಾತು ಅವನಿಗೆ ಬರುತ್ತಿರಲಿಲ್ಲ. ಬರುವ ಸೋಮವಾರ ಶಾಲೆ ಇದೆ, ಲಂಗ ಯಾವಾಗ ಹೊಲಿಯುತ್ತಿ ಎಂದು ಕೇಳಿದ. ಬಂದು ಹೊಲಿಯುತ್ತೇನೆ ಎಂದಳು ಖಾಲಾ. ಮಶೀನು ಕಂಬದ ಬುಡದಲ್ಲೇ ಉಳಿಯಿತು.

ಹೈಸ್ಕೂಲಿನಲ್ಲಿ ಹಿಂದಿ ಪುಸ್ತಕದ ಎರಡನೆಯ ಪಾಠದಲ್ಲೇ ಆ ಶಬ್ದ ಬಂತು, ಖಾಲಾ ಹೇಳಿದ ಅರ್ಥವೇ ಇತ್ತು. ನಾನು ಓದಿದೆ, ಹಟ ಹಿಡಿದು ಹಿಂದಿಯನ್ನೇ ಓದಿದೆ. ಈಗ ಜೇವರ್ಗಿಯ ಒಂದು ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತೇನೆ. ಪ್ರತಿ ವರ್ಷ ಆ ಶಬ್ದ ಬಂದಾಗ ಮಕ್ಕಳಿಗೆ ಮುತ್ತ್ಯಾನ ಕತೆ ಹೇಳಿ ನಗಿಸುತ್ತೇನೆ. ನಕ್ಕ ಮಗು ಆ ಅರ್ಥವನ್ನು ಪರೀಕ್ಷೆಯಲ್ಲಿ ತಪ್ಪು ಬರೆದದ್ದು ಇಲ್ಲ.

ನನ್ನ ಮನೆಯಲ್ಲೀಗ ಟಿ.ವಿ. ಗೋಡೆಯಗಲ ಇದೆ. ಎಲ್ಲಿಯದೋ ಧಾರಾವಾಹಿ ಒಳ್ಳೆಯ ಕನ್ನಡದಲ್ಲಿ ಮಾತಾಡುತ್ತದೆ, ಯಾವ ಮಾತೂ ತಪ್ಪುವುದಿಲ್ಲ. ನನ್ನ ಮಕ್ಕಳು ಅದನ್ನೂ ನೋಡುವುದಿಲ್ಲ, ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಮೊಬೈಲು ಹಿಡಿದು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೂತಿರುತ್ತಾರೆ. ಅವರು ಏನು ನೋಡಿ ಅತ್ತರು, ಏನು ನೋಡಿ ನಕ್ಕರು ಎಂದು ನನಗೆ ತಿಳಿಯುವುದೇ ಇಲ್ಲ. ಭಾನುವಾರಕ್ಕೆ ಈಗ ಯಾವ ವಾಸನೆಯೂ ಇಲ್ಲ.

ನೌಕರಿಯ ಆರ್ಡರು ಬಂದ ದಿನ ಪೇಢೆ ತೆಗೆದುಕೊಂಡು ಖಾಲಾನ ಹತ್ತಿರ ಹೋಗಿದ್ದೆ. ಆಗ ಅವಳ ಕಣ್ಣು ಮಂದವಾಗಿದ್ದವು, ಸೂಜಿಗೆ ದಾರ ಪೋಣಿಸಲು ಯಾರಾದರೂ ಬೇಕಿತ್ತು. ನಾನು ದಾರ ಪೋಣಿಸಿ ಕೊಡುತ್ತ, ಬಹಳ ವರ್ಷಗಳಿಂದ ತಲೆಯಲ್ಲಿದ್ದುದನ್ನು ಕೇಳಿದೆ. ವಾರ್ತೆಯ ಹಿಂದಿ ನಿನಗೆ ಬರುತ್ತಲೇ ಇರಲಿಲ್ಲ. ಸಂಸ್ಕೃತದ ಮಾತು ಬಂದರೆ ಮುತ್ತ್ಯಾನ ಕಡೆ ನೋಡುತ್ತಿದ್ದಿ. ಶಿಕ್ಷಾ ಅಂದರೆ ಓದು ಎಂದು ನಿನಗೆ ಯಾರು ಹೇಳಿದ್ದರು ಎಂದೆ. ಯಾರೂ ಹೇಳಿರಲಿಲ್ಲ ಎಂದಳು. ಸಜಾ ಅಲ್ಲ ಎಂದಷ್ಟೇ ಅವಳಿಗೆ ಗೊತ್ತಿತ್ತಂತೆ, ಮುಂದಿನದೆಲ್ಲ ಅವಳೇ ಕೂಡಿಸಿದ್ದಂತೆ. ತಪ್ಪಾಗಿದ್ದರೆ ಮುತ್ತ್ಯಾ ಅವಳನ್ನು ಮತ್ತೆ ಹೊಸ್ತಿಲೊಳಗೆ ಬಿಡುತ್ತಿದ್ದನೇ? ಅಷ್ಟು ಜನರ ಮುಂದೆ ಟಿ.ವಿ.ಯಲ್ಲಿ ಹೀಗೆಯೇ ಅಂದಿದ್ದಾರೆ ಎಂದು ಹೇಗೆ ಹೇಳಿದಿ ಎಂದು ಕೇಳಿದೆ.

“ಟೀವಿ ಯಾರು ನೋಡಿದ್ರು ಬೇ,” ಎಂದಳು ಖಾಲಾ. “ನಿನ್ನ ಮಾರಿ ನೋಡಿ ಹೇಳಿದೆ.”

ಖಾಲಾ ಹೋಗಿ ಒಂಬತ್ತು ವರ್ಷವಾಯಿತು. ಹಿಂದಿಯ ಯಾವ ಶಬ್ದಕ್ಕೂ ಈಗ ನಾನು ಇನ್ನೊಬ್ಬರನ್ನು ಕೇಳಬೇಕಿಲ್ಲ. ನನ್ನ ಮಾರಿ ನೋಡಿ ಅರ್ಥ ಹೇಳುವವರು ಮಾತ್ರ ಯಾರೂ ಉಳಿದಿಲ್ಲ.